ಬೋರ್ಡಿನ ತ್ರಿಕೋನ ಒರೆಸಿ, ಮಕ್ಕಳಿಗೆ ರಸ್ತೆ ತೋರಿಸಿ

ಹೋದ ವಾರ ಕಮಲಾಪುರ ಬಸ್ ನಿಲ್ದಾಣದಲ್ಲಿ ಕಲಬುರಗಿ ಬಸ್ಸಿಗೆ ಕಾಯುತ್ತ ನಿಂತಿದ್ದೆವು. ಪಕ್ಕದಲ್ಲಿ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ನೋಟ್‌ಬುಕ್ ಮೇಲೆ ಬಗ್ಗಿ ಕೂತಿದ್ದಳು. ಹಾಳೆ ತುಂಬ ಒಂದೇ ಚಿತ್ರ. ಒಂದು ತ್ರಿಕೋನ, ನಡುವೆ ಅಡ್ಡಗೆರೆ, ಮೇಲೊಂದು ಅಕ್ಷರ, ಕೆಳಗೆ ಎರಡು. ನಾಲ್ಕು ಕಡೆ ಬರೆದು ನಾಲ್ಕೂ ಕಡೆ ಹೊಡೆದು ಹಾಕಿದ್ದಳು.

"ಏನವ್ವಾ ಇದು?" ಅಂದೆವು.

"ಅಣ್ಣಾ, ದೂರ ಮ್ಯಾಲ ಬರ್ತದೋ ವೇಗ ಮ್ಯಾಲ ಬರ್ತದೋ ಮರ್ತೇ ಹೋಗ್ಯದ. ನಾಳಿ ಟೆಸ್ಟ್ ಅದ."

"ಅದು ಇರ್ಲಿ. ಇಲ್ಲಿಂದ ಕಲಬುರಗಿ 36 ಕಿಲೋಮೀಟರ್ ಅಂತ ಹಿಡಿ. ಬಸ್ ಒಂದು ತಾಸಿನ್ಯಾಗ ಮುಟ್ಟಿಸ್ತು. ಎಷ್ಟು ಸ್ಪೀಡಿನ್ಯಾಗ ಹೋಯ್ತು?"

"ತಾಸಿಗಿ 36." ಒಂದು ಕ್ಷಣವೂ ತಡವಿಲ್ಲ.

"ಅದೇ ಬಸ್ ಒಂದೂವರಿ ತಾಸು ತಗೊಂಡ್ರ?"

ಬೆರಳು ಮಡಚಿದಳು. "ಅರ್ಧ ತಾಸಿಗಿ 12 ಆಯ್ತು. ತಾಸಿಗಿ 24."

"ಈಗ ತ್ರಿಕೋನ ನೋಡಿದೇನು?"

"ಇಲ್ಲಲ್ಲ!" ಅಂತ ನಕ್ಕಳು. ಮರುಗಳಿಗೆ ಮುಖ ಸಣ್ಣದು ಮಾಡಿಕೊಂಡು ಕೇಳಿದಳು: "ಆದ್ರ ಅಣ್ಣಾ, ಹಿಂಗ ಬರದ್ರ ಮಾರ್ಕ್ಸ್ ಕೊಡ್ತಾರೇನು?"

ಆ ಪ್ರಶ್ನೆ ನಮ್ಮನ್ನು ಬಸ್ಸಿನುದ್ದಕ್ಕೂ ಕಾಡಿತು. ಈ ಬರಹ ಅದಕ್ಕಾಗಿ.

ತ್ರಿಕೋನದ ಮೇಲೆ ಯಾಕಿಷ್ಟು ಸಿಟ್ಟು

ನಾವು ಭೌತಶಾಸ್ತ್ರದ ಪಂಡಿತರಲ್ಲ. ಪತ್ರಿಕೋದ್ಯಮದ ಡಿಪ್ಲೊಮಾ ಮಾಡಿ, ಜಿಲ್ಲೆಯ ಸುದ್ದಿ ಕಳಿಸಿ ಹೊಟ್ಟೆ ಹೊರೆಯುವವರು. ಆದರೆ ವೇಗ, ಕಾಲ, ದೂರ ಈ ಮೂರರ ಜೊತೆಗೇ ನಮ್ಮ ಬದುಕು ಸಾಗುತ್ತದೆ. ಎಷ್ಟು ಹೊತ್ತಿಗೆ ಹೊರಟರೆ ಎಷ್ಟೊತ್ತಿಗೆ ಮುಟ್ಟುತ್ತೇವೆ, ಸುದ್ದಿ ಕಳಿಸುವ ಗಡುವಿನೊಳಗೆ ತಿರುಗಿ ಬರುತ್ತೇವೋ ಇಲ್ಲವೋ ಎನ್ನುವ ಲೆಕ್ಕ ದಿನವೂ ಹಾಕುತ್ತೇವೆ. ಒಂದು ದಿನವೂ ತ್ರಿಕೋನ ಬರೆದಿಲ್ಲ.

ಗೊತ್ತಿಲ್ಲದವರಿಗೆ ಹೇಳುತ್ತೇವೆ. ಶಾಲೆಯಲ್ಲೂ ಟ್ಯೂಷನ್ನಿನಲ್ಲೂ ಯೂಟ್ಯೂಬಿನಲ್ಲೂ ಈ ತ್ರಿಕೋನ ಓಡುತ್ತಿದೆ. ಮೇಲೆ ದೂರ, ಕೆಳಗೆ ವೇಗ ಮತ್ತು ಕಾಲ. ಬೇಕಾದದ್ದನ್ನು ಬೆರಳಿನಿಂದ ಮುಚ್ಚು, ಉಳಿದದ್ದು ಉತ್ತರ. ದೂರ ಮುಚ್ಚಿದರೆ ಗುಣಿಸು, ಬೇರೆಯದು ಮುಚ್ಚಿದರೆ ಭಾಗಿಸು. ಐದು ನಿಮಿಷದಲ್ಲಿ ಪಾಠ ಮುಗಿಯಿತು.

ಪಾಠ ಮುಗಿಯುತ್ತದೆ, ತಿಳಿವಳಿಕೆ ಶುರುವಾಗುವುದೇ ಇಲ್ಲ. ತಾಸಿಗೆ 40 ಕಿಲೋಮೀಟರ್ ಅಂದರೆ ಏನು ಅಂತ ಆ ಮಗುವನ್ನು ಕೇಳಿ. "ದೂರ ಬಾಗಿಲೆ ಕಾಲ" ಅನ್ನುತ್ತದೆ. "ಇದೇ ಓಟದಲ್ಲಿ ಹೋದರೆ ಒಂದು ತಾಸಿಗೆ 40 ಕಿಲೋಮೀಟರ್ ದಾಟುತ್ತದೆ, ಅರ್ಧ ತಾಸಿಗೆ 20" ಅಂತ ಹೇಳುವುದಿಲ್ಲ. ಅದನ್ನು ಬಾಯಿಬಿಟ್ಟು ಹೇಳಬಲ್ಲ ಮಗುವಿಗೆ ಸೂತ್ರ ಬೇಕಿಲ್ಲ, ತಾನೇ ಕಟ್ಟಿಕೊಳ್ಳುತ್ತದೆ. ಹೇಳಲಾಗದ ಮಗುವಿಗೆ ಸೂತ್ರ ಕೊಟ್ಟರೆ ಆಗುವುದು ಆ ನೋಟ್‌ಬುಕ್ಕಿನಲ್ಲಿ ಕಂಡದ್ದೇ.

ಇದರಲ್ಲಿ ಪಠ್ಯಪುಸ್ತಕದ ತಪ್ಪಿಲ್ಲ. ಒಂಬತ್ತನೇ ತರಗತಿ ವಿಜ್ಞಾನದ 'ಚಲನೆ' ಪಾಠ ತೆಗೆದು ನೋಡಿ. ಸರಾಸರಿ ವೇಗ ಅಂದರೆ ಕ್ರಮಿಸಿದ ಒಟ್ಟು ದೂರವನ್ನು ತೆಗೆದುಕೊಂಡ ಒಟ್ಟು ಕಾಲದಿಂದ ಭಾಗಿಸಿದ್ದು ಅಂತ ಸ್ಪಷ್ಟವಾಗಿದೆ. ದೂರ–ಕಾಲದ ನಕ್ಷೆಯೂ ಇದೆ. ಪುಸ್ತಕಕ್ಕೂ ಮಗುವಿಗೂ ನಡುವೆ ಗೈಡ್ ಬಂದು ಕೂತಿದೆ, ಗೈಡಿನ ಮೇಲೆ ತ್ರಿಕೋನ ಬಂದು ಕೂತಿದೆ.

24 ಮತ್ತು 72, ಸರಾಸರಿ ಎಷ್ಟು?

ತ್ರಿಕೋನ ಎಲ್ಲಿ ಕೈ ಕೊಡುತ್ತದೆ ನೋಡಿ. ಕಮಲಾಪುರದಿಂದ ಕಲಬುರಗಿಗೆ ಊರೂರಿಗೆ ನಿಲ್ಲುವ ಟಂಟಂನಲ್ಲಿ ಹೋದಿರಿ. ಸರಾಸರಿ ತಾಸಿಗೆ 24 ಕಿಲೋಮೀಟರ್. ಬರುವಾಗ ಗೆಳೆಯನ ಕಾರು ಸಿಕ್ಕಿತು, ತಾಸಿಗೆ 72. ಹೋಗಿ ಬಂದದ್ದರ ಸರಾಸರಿ ವೇಗ ಎಷ್ಟು?

ಹತ್ತರಲ್ಲಿ ಎಂಟು ಮಂದಿಯ ಬಾಯಲ್ಲಿ ಮೊದಲು ಬರುವ ಉತ್ತರ 48. ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ ಬರುವ ಸಂಖ್ಯೆ ಅದು. ತಪ್ಪು.

ಈಗ ದಾರಿ ಹಿಡಿದು ಲೆಕ್ಕ ಮಾಡೋಣ. ಊರ ಯಾವ ತುದಿಯಿಂದ ಅಳೆಯುತ್ತೀರಿ ಎನ್ನುವುದರ ಮೇಲೆ ಒಂದೆರಡು ಕಿಲೋಮೀಟರ್ ಹೆಚ್ಚು ಕಡಿಮೆ ಆಗಬಹುದು, ಲೆಕ್ಕಕ್ಕೆ 36 ಇರಲಿ. ಹೋಗಲು 24ರಂತೆ ಒಂದೂವರೆ ತಾಸು. ಬರಲು 72ರಂತೆ ಅರ್ಧ ತಾಸು. ಒಟ್ಟು ದಾರಿ 72 ಕಿಲೋಮೀಟರ್, ಒಟ್ಟು ಹೊತ್ತು 2 ತಾಸು. ಸರಾಸರಿ ತಾಸಿಗೆ 36.

48 ಎಲ್ಲಿ, 36 ಎಲ್ಲಿ! ಕಾರಣ ಸುಲಭ. ನೀವು ಟಂಟಂನಲ್ಲಿ ಕೂತದ್ದು ಒಂದೂವರೆ ತಾಸು, ಕಾರಿನಲ್ಲಿ ಕೂತದ್ದು ಅರ್ಧ ತಾಸು. ನಿಧಾನದ ಗಾಡಿ ನಿಮ್ಮ ಹೊತ್ತನ್ನು ಹೆಚ್ಚು ತಿಂದಿದೆ, ಆದ್ದರಿಂದ ಸರಾಸರಿಯನ್ನೂ ತನ್ನ ಕಡೆಗೆ ಎಳೆಯುತ್ತದೆ. ಟಂಟಂನಲ್ಲಿ ಸೊಂಟ ನೋಯಿಸಿಕೊಂಡ ಯಾರಿಗಾದರೂ ಇದು ಅರ್ಥವಾಗುತ್ತದೆ. ತ್ರಿಕೋನದಲ್ಲಿ ಮಾತ್ರ ಎರಡು ವೇಗ ಇಡಲು ಜಾಗವೇ ಇಲ್ಲ.

ಕುರಿ ಹಿಂಡು ಗೊತ್ತು, ರೈಲು ಗೊತ್ತಿಲ್ಲ

ಇನ್ನೊಂದು ಲೆಕ್ಕ ಎಲ್ಲ ಸ್ಪರ್ಧಾತ್ಮಕ ಪರೀಕ್ಷೆಗಳಲ್ಲೂ ಬರುತ್ತದೆ: ಇಷ್ಟು ಉದ್ದದ ರೈಲು ಇಷ್ಟು ಉದ್ದದ ಸುರಂಗ ದಾಟಲು ಎಷ್ಟು ಹೊತ್ತು?

ನಮಗೆ ಸುರಂಗ ಹುಡುಕಿಕೊಂಡು ದೂರ ಹೋಗುವ ಕೆಲಸವಿಲ್ಲ. ಬೀದರ್–ಕಲಬುರಗಿ ರೈಲು ಮಾರ್ಗ ಕಮಲಾಪುರದ ಮೇಲೆಯೇ ಹೋಗುತ್ತದೆ, ಮರಗುತ್ತಿ ಬಳಿ ಒಂದೂವರೆ ಕಿಲೋಮೀಟರಿಗೂ ಹೆಚ್ಚು ಉದ್ದದ ಸುರಂಗವಿದೆ. ಲೆಕ್ಕಕ್ಕೆ ಸುರಂಗ 1,600 ಮೀಟರ್, ರೈಲು 200 ಮೀಟರ್, ವೇಗ ತಾಸಿಗೆ 36 ಕಿಲೋಮೀಟರ್ ಅಂತ ಇಟ್ಟುಕೊಳ್ಳಿ.

ಮೊದಲು ವೇಗವನ್ನು ಸೆಕೆಂಡಿಗೆ ತರಬೇಕು. ಇಲ್ಲಿ ಮಕ್ಕಳಿಗೆ 5/18 ಅಂತ ಬಾಯಿಪಾಠ ಮಾಡಿಸುತ್ತಾರೆ. ಪರೀಕ್ಷೆಯ ದಿನ ಅದು 5/18ರೋ 18/5ರೋ ಅಂತ ಮರೆತುಹೋಗುತ್ತದೆ. ಬಾಯಿಪಾಠ ಬೇಡ. 36 ಕಿಲೋಮೀಟರ್ ಅಂದರೆ 36,000 ಮೀಟರ್. ಒಂದು ತಾಸಿಗೆ 3,600 ಸೆಕೆಂಡು. ಹಾಗಾದರೆ ಸೆಕೆಂಡಿಗೆ 10 ಮೀಟರ್. ನಮ್ಮ ಕಮಲಾಪುರದ ದಾರಿಯೇ ಈ ಲೆಕ್ಕವನ್ನು ಕೈಗೆ ಕೊಟ್ಟಿದೆ: ಒಂದು ತಾಸಿನಲ್ಲಿ ಕಲಬುರಗಿ ಮುಟ್ಟಬೇಕಾದರೆ ಬಸ್ಸು ಪ್ರತಿ ಸೆಕೆಂಡಿಗೆ 10 ಮೀಟರ್ ಹೋಗಬೇಕು. ಇದೊಂದನ್ನು ಕಿಸೆಯಲ್ಲಿಟ್ಟುಕೊಂಡರೆ ಉಳಿದದ್ದು ತಾನಾಗಿ ಬರುತ್ತದೆ. 18ಕ್ಕೆ 5 ಮೀಟರ್, 54ಕ್ಕೆ 15, 72ಕ್ಕೆ 20, 90ಕ್ಕೆ 25.

ಈಗ ಸುರಂಗ. 1,600 ಮೀಟರನ್ನು 10ರಿಂದ ಭಾಗಿಸಿ 160 ಸೆಕೆಂಡು ಅಂತ ಬರೆದರೆ ಸೊನ್ನೆ ಮಾರ್ಕು. ಎಂಜಿನ್ ಹೊರಬಂದಿದೆ, ಹಿಂದಿನ ಡಬ್ಬಿ ಇನ್ನೂ ಕತ್ತಲಲ್ಲೇ ಇದೆ. ಕೊನೆಯ ಡಬ್ಬಿ ಹೊರಬರುವಷ್ಟರಲ್ಲಿ ಎಂಜಿನ್ 1,600 ಅಲ್ಲದೆ ಇನ್ನೂ 200 ಮೀಟರ್ ಹೋಗಿರಬೇಕು. ಒಟ್ಟು 1,800. ಉತ್ತರ 180 ಸೆಕೆಂಡು, ಅಂದರೆ 3 ನಿಮಿಷ.

ನಮ್ಮ ಭಾಗದ ಕುರಿ ಕಾಯುವ ಮುತ್ಯಾನನ್ನು ಕೇಳಿ: ಹಿಂಡು ಸೇತುವೆ ದಾಟಿತು ಅಂತ ಯಾವಾಗ ಹೇಳ್ತೀರಿ? ಮೊದಲ ಕುರಿ ಆಚೆ ಮುಟ್ಟಿದಾಗಲೋ, ಕಡೆಯ ಕುರಿ ದಾಟಿದಾಗಲೋ? ಮುತ್ಯಾ ನಿಮ್ಮನ್ನು ಹುಚ್ಚರಂತೆ ನೋಡುತ್ತಾನೆ. ಆ ಮುತ್ಯಾನ ಮೊಮ್ಮಗನೇ ಶಾಲೆಯಲ್ಲಿ ರೈಲಿನ ಉದ್ದ ಕೂಡಿಸಲು ಮರೆತು ಸೊನ್ನೆ ತಗೊಳ್ಳುತ್ತಾನೆ. ಮನೆಯಲ್ಲಿ ಇದ್ದ ಜ್ಞಾನವನ್ನು ಶಾಲೆ ಕೇಳಲಿಲ್ಲ, ಶಾಲೆಯ ಲೆಕ್ಕ ಮನೆಗೆ ಬರಲಿಲ್ಲ.

ಮನೆಯ ಜ್ಞಾನ ಅಂದೆವು. ನಮ್ಮ ಹಿರಿಯರು ದೂರವನ್ನು ಹರದಾರಿಯಲ್ಲಿ ಹೇಳುತ್ತಿದ್ದರು. ಒಂದು ಹರದಾರಿ ಸುಮಾರು ಮೂರು ಮೈಲಿ, ನಡೆಯುವವನಿಗೆ ಹೆಚ್ಚು ಕಡಿಮೆ ಒಂದು ತಾಸಿನ ದಾರಿ. "ಎರಡು ಹರದಾರಿ ಅದ" ಅಂದರೆ ದೂರವೂ ಗೊತ್ತಾಯಿತು, ಹೊತ್ತೂ ಗೊತ್ತಾಯಿತು. ಕಮಲಾಪುರದ ಕೆಂಪು ಬಾಳೆ ಬೆಳೆಯುವ ರೈತ ಬೆಳಕು ಹರಿಯುವ ಮೊದಲು ಪ್ಯಾಟಿ ಮುಟ್ಟಬೇಕೆಂದರೆ ಹಿಂದಿನಿಂದ ಲೆಕ್ಕ ಹಾಕುತ್ತಾನೆ: ಮುಟ್ಟುವ ಹೊತ್ತು, ದಾರಿಯ ತಾಸು, ಗೊನೆ ಹೇರಲು ಅರ್ಧ ತಾಸು, ಹಾಗಾದರೆ ಇಷ್ಟಕ್ಕೆ ಏಳಬೇಕು. ಇದು ಒಂಬತ್ತನೇ ತರಗತಿಯ ಲೆಕ್ಕವೇ.

ರೈಲಿನ ಮಾತು ಬಂದ ಮೇಲೆ ಇದನ್ನೂ ಹೇಳಿಬಿಡುತ್ತೇವೆ. 110 ಕಿಲೋಮೀಟರ್ ಉದ್ದದ ಈ ಮಾರ್ಗ ಮಂಜೂರಾದದ್ದು 1990ರ ದಶಕದಲ್ಲಿ, ಉದ್ಘಾಟನೆ ಆದದ್ದು 2017ರ ಅಕ್ಟೋಬರ್ 29ರಂದು. ಸುಮಾರು 20 ವರ್ಷ ಹಿಡಿಯಿರಿ. ವರ್ಷಕ್ಕೆ ಐದೂವರೆ ಕಿಲೋಮೀಟರ್, ದಿನಕ್ಕೆ 15 ಮೀಟರ್. ವೇಗದ ಲೆಕ್ಕ ಬರುವ ಮಗು ನಾಳೆ ಸರ್ಕಾರದ ಕಾಮಗಾರಿಯನ್ನೂ ಹೀಗೆ ಅಳೆಯುತ್ತದೆ. ಅದಕ್ಕಾದರೂ ಕಲಿಸಬೇಕು.

ಹತ್ತು ಸೆಕೆಂಡು, ನಾನೂರು ಮೀಟರ್

ಇಷ್ಟರವರೆಗೆ ಮಾರ್ಕಿನ ಮಾತಾಯಿತು. ಈಗ ಜೀವದ ಮಾತು.

2022ರ ಜೂನ್ 3ರ ಬೆಳಗ್ಗೆ ಗೋವಾದಿಂದ ಹೈದರಾಬಾದಿಗೆ ಹೊರಟಿದ್ದ ಖಾಸಗಿ ಬಸ್ಸು ಕಮಲಾಪುರದ ಹೊರವಲಯದಲ್ಲಿ ಸರಕು ವಾಹನಕ್ಕೆ ಡಿಕ್ಕಿಯಾಗಿ, ಉರುಳಿ, ಹೊತ್ತಿ ಉರಿಯಿತು. ಕನಿಷ್ಠ ಏಳು ಮಂದಿ ಸುಟ್ಟು ಸತ್ತರು. ಅದರಲ್ಲಿ ಯಾರ ತಪ್ಪು ಎಷ್ಟು ಎಂದು ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ಆದರೆ ಈ ರಸ್ತೆ, 50ನೇ ಸಂಖ್ಯೆಯ ರಾಷ್ಟ್ರೀಯ ಹೆದ್ದಾರಿ, ನಮ್ಮ ಹುಡುಗರು ದಿನವೂ ಬೈಕಿನಲ್ಲಿ ಕಾಲೇಜಿಗೆ ಹೋಗುವ ರಸ್ತೆ.

ಅಪಘಾತದ ಸುದ್ದಿ ಬರೆಯುವಾಗ ನಾವು "ಅತಿವೇಗ ಮತ್ತು ಅಜಾಗರೂಕತೆಯ ಚಾಲನೆ" ಅಂತ ಬರೆಯುತ್ತೇವೆ. ಠಾಣೆಯ ದೂರಿನಲ್ಲಿ ಇರುವುದನ್ನೇ ಇಳಿಸುತ್ತೇವೆ. ಎಷ್ಟು ವೇಗ ಅಂದರೆ ಅತಿ ಎಂದು ಒಮ್ಮೆಯೂ ಕೇಳಿಲ್ಲ, ಒಮ್ಮೆಯೂ ಬರೆದಿಲ್ಲ. ಈ ತಪ್ಪು ನಮ್ಮದು. ಇವತ್ತು ಸಂಖ್ಯೆ ಇಟ್ಟು ಬರೆಯುತ್ತೇವೆ.

ಬೈಕ್ ತಾಸಿಗೆ 72ರಲ್ಲಿದೆ, ಸೆಕೆಂಡಿಗೆ 20 ಮೀಟರ್. ಮುಂದೆ ಲಾರಿ 54ರಲ್ಲಿದೆ, ಸೆಕೆಂಡಿಗೆ 15 ಮೀಟರ್. ಹುಡುಗ ಓವರ್‌ಟೇಕ್ ಮಾಡುತ್ತಾನೆ. ಲಾರಿಗಿಂತ 20 ಮೀಟರ್ ಹಿಂದಿನಿಂದ ಶುರು ಮಾಡಿ, 10 ಮೀಟರಿನ ಲಾರಿ ದಾಟಿ, 20 ಮೀಟರ್ ಮುಂದೆ ಹೋಗಿ ತನ್ನ ಬದಿಗೆ ಬರುತ್ತಾನೆ. ಲಾರಿಗಿಂತ ಅವನು 50 ಮೀಟರ್ ಹೆಚ್ಚು ಹೋಗಬೇಕು. ಲಾರಿಗಿಂತ ಅವನ ಓಟ ಹೆಚ್ಚಿರುವುದು ಸೆಕೆಂಡಿಗೆ 5 ಮೀಟರ್ ಮಾತ್ರ. 50ನ್ನು 5ರಿಂದ ಭಾಗಿಸಿ: 10 ಸೆಕೆಂಡು.

ಆ 10 ಸೆಕೆಂಡು ಅವನು ಎದುರಿನವರ ಬದಿಯಲ್ಲಿದ್ದಾನೆ. ಅಷ್ಟರಲ್ಲಿ ಅವನ ಬೈಕ್ 200 ಮೀಟರ್ ಹೋಯಿತು. ಎದುರಿನಿಂದ 72ರಲ್ಲೇ ಬರುವ ಬಸ್ಸು ಕೂಡ 200 ಮೀಟರ್ ಬಂತು. ಅಂದರೆ ಹ್ಯಾಂಡಲ್ ಬಲಕ್ಕೆ ತಿರುಗಿಸುವಾಗ ಎದುರಿನ ರಸ್ತೆ 400 ಮೀಟರ್ ಖಾಲಿ ಇರಬೇಕು. 399 ಇದ್ದರೂ ಸಾಲದು. ತಿರುವಿನಲ್ಲಿ, ಏರಿನಲ್ಲಿ, ಮುಸ್ಸಂಜೆಯಲ್ಲಿ 400 ಮೀಟರ್ ಕಾಣುತ್ತದೆಯೇ? ನೀವೇ ನಿಂತು ನೋಡಿ.

ಇದರಿಂದ ಉಳಿದದ್ದೇನು? ಲಾರಿಯ ಹಿಂದೆ 3 ಕಿಲೋಮೀಟರ್ ಸುಮ್ಮನೆ ಹೋಗಿದ್ದರೆ 200 ಸೆಕೆಂಡು ಹಿಡಿಯುತ್ತಿತ್ತು. 72ರಲ್ಲಿ ಹೋದರೆ 150. ಉಳಿದದ್ದು 50 ಸೆಕೆಂಡು. ಕಾಲೇಜಿನ ಗೇಟಿನಲ್ಲಿ ಗೆಳೆಯನಿಗೆ ಕೈ ಮಾಡಿ ನಿಲ್ಲುವಷ್ಟು ಹೊತ್ತು.

ಇನ್ನು ಬ್ರೇಕ್. ಒಣ ರಸ್ತೆಯಲ್ಲಿ ಚೆನ್ನಾಗಿ ಬ್ರೇಕ್ ಹಿಡಿದರೆ ಪ್ರತಿ ಸೆಕೆಂಡಿಗೆ ವೇಗ 5 ಮೀಟರಿನಷ್ಟು ಇಳಿಯುತ್ತದೆ ಅಂತ ಇಟ್ಟುಕೊಳ್ಳೋಣ. 36ರಲ್ಲಿ ಹೋಗುವ ಗಾಡಿ, ಅಂದರೆ ಸೆಕೆಂಡಿಗೆ 10 ಮೀಟರ್, 2 ಸೆಕೆಂಡಿನಲ್ಲಿ ನಿಲ್ಲುತ್ತದೆ. 10ರಿಂದ ಸೊನ್ನೆಗೆ ಒಂದೇ ಸಮ ಇಳಿಯುತ್ತದೆ, ಆದ್ದರಿಂದ ಸರಾಸರಿ 5. ಎರಡು ಸೆಕೆಂಡಿಗೆ 10 ಮೀಟರ್. 72ರಲ್ಲಿ ಹೋಗುವ ಗಾಡಿ 4 ಸೆಕೆಂಡು ತಗೊಳ್ಳುತ್ತದೆ, ಸರಾಸರಿ 10, ಒಟ್ಟು 40 ಮೀಟರ್. ವೇಗ ಎರಡು ಪಟ್ಟು ಆಯಿತು, ನಿಲ್ಲುವ ದೂರ ನಾಲ್ಕು ಪಟ್ಟು ಆಯಿತು. ಎಮ್ಮೆ ಅಡ್ಡ ಬಂದದ್ದನ್ನು ಕಂಡು ಕೈ ಬ್ರೇಕಿಗೆ ಹೋಗುವಷ್ಟರಲ್ಲಿ ಕಳೆಯುವ ಒಂದು ಸೆಕೆಂಡು ಬೇರೆ. ಅದನ್ನೂ ಕೂಡಿಸಿದರೆ 36ಕ್ಕೆ 20 ಮೀಟರ್, 72ಕ್ಕೆ 60. ಮಳೆ ಬಿದ್ದ ರಸ್ತೆಯಲ್ಲಿ ಇನ್ನೂ ಹೆಚ್ಚು.

"ಡಬಲ್ ಸ್ಪೀಡ್, ಡಬಲ್ ರಿಸ್ಕ್" ಅಂತ ಅಂದುಕೊಳ್ಳುವ ಹುಡುಗನಿಗೆ ಇದು ಗೊತ್ತಿಲ್ಲ. ಹೆಲ್ಮೆಟ್ ಹಾಕು ಅಂತ ನೂರು ಸಲ ಹೇಳುತ್ತೇವೆ, ಹೇಳಲೇಬೇಕು. ಆದರೆ ಈ 400 ಮೀಟರಿನ ಲೆಕ್ಕವನ್ನು ಅವನ ಕೈಯಿಂದಲೇ ಒಮ್ಮೆ ಮಾಡಿಸಿದ ಶಾಲೆ ಎಷ್ಟಿದೆ? 'ಸಾಪೇಕ್ಷ ವೇಗ' ಅಂತ ತಲೆಬರಹ ಹಾಕಿ, ಇಬ್ಬರು ಓಟಗಾರರ ಹೆಸರು ಹಾಕಿ, ಸೂತ್ರ ಬರೆಸಿ ಮುಗಿಸುತ್ತಾರೆ. ಲಾರಿ ಮತ್ತು ಬೈಕ್ ಬಾಗಿಲ ಹೊರಗೇ ಓಡುತ್ತಿರುತ್ತವೆ.

"ಟೈಮ್ ಎಲ್ಲದ ಸರ್ರ?"

ನಮ್ಮ ಮಾತಿಗೆ ಬರುವ ಉತ್ತರ ಗೊತ್ತು. ಮೇಷ್ಟ್ರು ಹೇಳುತ್ತಾರೆ: ಪಾಠ ಮುಗಿಸಬೇಕು, ಜೊತೆಗೆ ಗಣತಿ, ಚುನಾವಣೆ, ಊಟದ ಲೆಕ್ಕ, ಆನ್‌ಲೈನ್ ನಮೂದು. ಟೈಮ್ ಎಲ್ಲಿದೆ? ಇದು ಸುಳ್ಳಲ್ಲ. ಒಬ್ಬರೇ ಮೂರು ವಿಷಯ ಹೊರುವ ಶಾಲೆಗಳನ್ನು ನಾವೇ ನೋಡಿದ್ದೇವೆ. ಆದರೆ ತ್ರಿಕೋನ ಉಳಿಸಿದ ಟೈಮನ್ನೂ ಲೆಕ್ಕ ಹಾಕಿ. ಒಂಬತ್ತರಲ್ಲಿ ಬಿಟ್ಟದ್ದು ಹತ್ತನೇ ತರಗತಿಯ ವರ್ಗ ಸಮೀಕರಣದಲ್ಲಿ ಮತ್ತೆ ರೈಲಾಗಿ ಬರುತ್ತದೆ. ಆಗ ಮತ್ತೆ ಮೊದಲಿಂದ ಹೇಳಬೇಕು. ಮೊದಲ ಅರ್ಧ ದಾರಿ ಅವಸರ ಮಾಡಿ, ಉಳಿದರ್ಧದಲ್ಲಿ ಕೆಟ್ಟು ನಿಂತ ಗಾಡಿಯ ಸರಾಸರಿ ವೇಗ ಎಷ್ಟು? ಮೇಲೆ ನೋಡಿದೆವಲ್ಲ, ನಿಂತ ಹೊತ್ತೇ ಸರಾಸರಿಯನ್ನು ತಿನ್ನುತ್ತದೆ.

ಕೋಚಿಂಗ್‌ನವರು ಹೇಳುತ್ತಾರೆ: ಪೊಲೀಸ್, ರೈಲ್ವೆ, ಬ್ಯಾಂಕ್ ಪರೀಕ್ಷೆಯಲ್ಲಿ ಒಂದು ಪ್ರಶ್ನೆಗೆ ಒಂದು ನಿಮಿಷವೂ ಸಿಗದು, ಶಾರ್ಟ್‌ಕಟ್ ಬೇಕೇ ಬೇಕು. ಈ ಮಾತಿನಲ್ಲೂ ಅರ್ಧ ಸತ್ಯವಿದೆ. ಅಡ್ಡದಾರಿ ಬಳಸುವುದು ತಪ್ಪಲ್ಲ. ಆದರೆ ಅಡ್ಡದಾರಿ ಯಾರಿಗೆ ಸಿಗುತ್ತದೆ? ಊರಿನ ದಾರಿ ಗೊತ್ತಿದ್ದವನಿಗೆ. ಹೊಸಬ ಅಡ್ಡದಾರಿ ಹಿಡಿದರೆ ಹೊಲದಲ್ಲಿ ಕತ್ತಲಾಗುತ್ತದೆ. ಪ್ರಶ್ನೆ ಕೊಡುವವರಿಗೂ ನಿಮ್ಮ ಶಾರ್ಟ್‌ಕಟ್ ಗೊತ್ತು. ನಡುವೆ ಹತ್ತು ನಿಮಿಷ ನಿಂತ ಬಸ್ಸನ್ನೋ, ತಡವಾಗಿ ಹೊರಟ ರೈಲನ್ನೋ ತಂದಿಟ್ಟರೆ ಸಾಕು, ಶಾರ್ಟ್‌ಕಟ್ ಪುಸ್ತಕ ಬಾಯಿ ಮುಚ್ಚುತ್ತದೆ. ತಿಂಗಳಿಗೆ ಸಾವಿರಾರು ರೂಪಾಯಿ ಕಟ್ಟಿ ಕಲಬುರಗಿಯ ರೂಮುಗಳಲ್ಲಿ ಓದುತ್ತಿರುವ ನಮ್ಮ ಹುಡುಗ ಹುಡುಗಿಯರು ದುಡ್ಡು ಕೊಟ್ಟು ಕೊಳ್ಳುತ್ತಿರುವುದು ಒಂಬತ್ತನೇ ತರಗತಿಯಲ್ಲಿ ಪುಕ್ಕಟೆ ಸಿಗಬೇಕಾಗಿದ್ದದ್ದು.

ಇನ್ನು ಕೆಲವರು ಹೇಳುತ್ತಾರೆ: ನಮ್ಮ ಮಕ್ಕಳಿಗೆ ತಲೆ ಹತ್ತುವುದಿಲ್ಲ. ಈ ಮಾತಿಗೆ ಮಾತ್ರ ನಮ್ಮಲ್ಲಿ ತಾಳ್ಮೆ ಇಲ್ಲ. ದೂರವನ್ನು ಕಾಲದಿಂದ ಭಾಗಿಸುವುದು ನಿಮಗೆ ಸಹಜ ಅನಿಸಬಹುದು. ಗೆಲಿಲಿಯೋ ಅಂಥವನಿಗೇ ಅದು ಸಹಜವಾಗಿರಲಿಲ್ಲ. ಚಲನೆಯ ಬಗ್ಗೆ ಅವನ ದೊಡ್ಡ ಪುಸ್ತಕ ಅಚ್ಚಾದದ್ದು 1638ರಲ್ಲಿ. ಇಳಿಜಾರಿನಲ್ಲಿ ಗುಂಡು ಉರುಳಿಸಿ, ಪಾತ್ರೆಯಿಂದ ಸುರಿದ ನೀರನ್ನು ತೂಗಿ ಅವನು ಹೊತ್ತು ಅಳೆದ. ಆದರೂ ದೂರಕ್ಕೆ ದೂರ, ಕಾಲಕ್ಕೆ ಕಾಲ ಹೋಲಿಸಿದನೇ ಹೊರತು ನಮ್ಮಂತೆ ಒಂದನ್ನು ಇನ್ನೊಂದರಿಂದ ಭಾಗಿಸಿ ಬರೆಯಲಿಲ್ಲ. ದೊಡ್ಡ ದೊಡ್ಡ ತಲೆಗಳು ಶತಮಾನ ತಗೊಂಡ ವಿಚಾರವನ್ನು 40 ನಿಮಿಷದ ಒಂದು ಪೀರಿಯಡ್ಡಿನಲ್ಲಿ ತ್ರಿಕೋನ ಮಾಡಿ ಎಸೆದು, ಹಿಡಿಯದ ಮಗುವನ್ನು ದಡ್ಡ ಅನ್ನುವುದು ಯಾವ ನ್ಯಾಯ?

ಮಳಖೇಡದ ಜಿಲ್ಲೆಗೆ ಕೊನೆಯ ಸ್ಥಾನ

2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರ ಫಲಿತಾಂಶದಲ್ಲಿ ದಕ್ಷಿಣ ಕನ್ನಡ ಶೇ 91.12 ಪಡೆದು ಮೊದಲ ಸ್ಥಾನದಲ್ಲಿತ್ತು. ಕಲಬುರಗಿ ಶೇ 42.43 ಪಡೆದು ಕೊನೆಯಲ್ಲಿತ್ತು. ನೂರು ಮಕ್ಕಳಲ್ಲಿ 57ಕ್ಕೂ ಹೆಚ್ಚು ಮಂದಿ ಫೇಲು. ತ್ರಿಕೋನವೊಂದೇ ಇದಕ್ಕೆ ಕಾರಣ ಎಂದು ಹೇಳುವಷ್ಟು ಹುಂಬರು ನಾವಲ್ಲ. ಖಾಲಿ ಹುದ್ದೆ, ಗುಳೆ, ಬಡತನ, ಹೊಲದ ಕೆಲಸ ಎಲ್ಲ ಇದೆ. ಆದರೆ ಅರ್ಥವಾಗದ್ದನ್ನು ಬಾಯಿಪಾಠ ಮಾಡಿಸುವ ರೋಗ ಎಲ್ಲ ವಿಷಯಕ್ಕೂ ಹತ್ತಿದೆ. ತ್ರಿಕೋನ ಅದರ ಕಣ್ಣಿಗೆ ಕಾಣುವ ಗುರುತು.

ಕಲಬುರಗಿಯಿಂದ ಸೇಡಂ ದಾರಿ ಹಿಡಿದರೆ ಮಳಖೇಡ ಸಿಗುತ್ತದೆ. ಅದು ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೇ ಶತಮಾನದಲ್ಲಿ, ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದ. ಗ್ರಂಥದ ಆರಂಭದಲ್ಲಿ ಆ ರಾಜನನ್ನು ಹೊಗಳಿದ್ದಾನೆ. ಒಬ್ಬ ಒಂದು ವೇಗದಲ್ಲಿ, ಇನ್ನೊಬ್ಬ ಇನ್ನೊಂದು ವೇಗದಲ್ಲಿ ಹೊರಟರೆ ಯಾವಾಗ ಕೂಡುತ್ತಾರೆ ಎಂಬಂಥ ಪ್ರಯಾಣದ ಲೆಕ್ಕಗಳು ಅದರಲ್ಲಿವೆ. ಹಾವು ಚೇಳು ಬಿಟ್ಟು ಬೇರೇನೂ ಇಲ್ಲ ಅಂತ ಹೊರಗಿನವರು ನಗುವ ನಮ್ಮ ಕರಿನೆಲದ ರಾಜನ ಕಾಲದಲ್ಲಿ, ಸಾವಿರದ ನೂರು ವರ್ಷಗಳಿಗೂ ಹಿಂದೆ, ಇದೇ ಲೆಕ್ಕ ಬಿಡಿಸುತ್ತಿದ್ದರು. ಜಂಬ ಕೊಚ್ಚಲು ಇದನ್ನು ಹೇಳುತ್ತಿಲ್ಲ. ಕೋಟೆಯ ಮುಂದೆ ಫೋಟೊ ತೆಗೆಸಿಕೊಳ್ಳುವ ಅಧಿಕಾರಿಗಳು ಶೇ 42.43ನ್ನೂ ಅದೇ ಫೋಟೊದ ಕೆಳಗೆ ಬರೆದುಕೊಳ್ಳಲಿ ಅಂತ ಹೇಳುತ್ತಿದ್ದೇವೆ.

ನಾವು ಕೇಳುವುದು ಇಷ್ಟೇ

ಒಂದು. ಸೂತ್ರ ಬರೆಯುವ ಮೊದಲು ಮಕ್ಕಳನ್ನು ಮೈದಾನಕ್ಕೆ ಕರೆದೊಯ್ಯಿರಿ. ಹಗ್ಗ ಹಿಡಿದು 100 ಮೀಟರ್ ಅಳೆಯಿರಿ. ಒಬ್ಬರ ಮೊಬೈಲಿನಲ್ಲಿ ಹೊತ್ತು ನೋಡಿ. ನಡೆದರೆ ಎಷ್ಟು ಸೆಕೆಂಡು, ಓಡಿದರೆ ಎಷ್ಟು, ಸೈಕಲ್ಲಿಗೆ ಎಷ್ಟು, ಮಕ್ಕಳೇ ಬರೆಯಲಿ. ಖರ್ಚು ಒಂದು ಹಗ್ಗ.

ಎರಡು. ಕಲಬುರಗಿಯಲ್ಲಿ ಜಿಲ್ಲಾ ವಿಜ್ಞಾನ ಕೇಂದ್ರವಿದೆ. ವರ್ಷಕ್ಕೊಮ್ಮೆ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವ ಶಾಲೆಗಳು ಬಸ್ಸಿನ ದಾರಿಯನ್ನೂ ಪಾಠ ಮಾಡಲಿ. ಪ್ರತಿ ಕಿಲೋಮೀಟರ್ ಕಲ್ಲಿಗೆ ಹೊತ್ತು ಬರೆದುಕೊಂಡರೆ ಮರಳಿ ಬಂದು ದೂರ–ಕಾಲದ ನಕ್ಷೆ ಎಳೆಯಬಹುದು. ಬಸ್ಸು ನಿಂತಲ್ಲಿ ಗೆರೆ ಮಲಗುತ್ತದೆ, ಓಡಿದಲ್ಲಿ ಏಳುತ್ತದೆ. ಒಮ್ಮೆ ಎಳೆದ ಮಗು ಮರೆಯುವುದಿಲ್ಲ.

ಮೂರು. ಓವರ್‌ಟೇಕಿನ 400 ಮೀಟರ್, ಬ್ರೇಕಿನ 60 ಮೀಟರ್ ಲೆಕ್ಕಗಳನ್ನು ಒಂಬತ್ತು, ಹತ್ತು, ಪಿಯುಸಿಯ ಪ್ರತಿ ಮಗುವಿನ ಕೈಯಿಂದ ಮಾಡಿಸಿ. ರಸ್ತೆ ಸುರಕ್ಷತಾ ಸಪ್ತಾಹದ ಭಾಷಣದ ಹೊತ್ತಿನಲ್ಲಿ ಅರ್ಧ ಸಾಕು.

ನಾಲ್ಕು. ಸೂತ್ರ ಬರೆಯದೆ, ದಾರಿ ಹಿಡಿದು ಸರಿಯುತ್ತರ ತಂದ ಮಗುವಿಗೆ ಪೂರ್ತಿ ಮಾರ್ಕ್ಸ್ ಕೊಡಿ. ಬಸ್ ನಿಲ್ದಾಣದ ಆ ಹುಡುಗಿಗೆ ನಾವು "ಕೊಡ್ತಾರವ್ವಾ" ಅಂತ ಧೈರ್ಯವಾಗಿ ಹೇಳಲಾಗಲಿಲ್ಲ. ಹೇಳುವಂತೆ ಮಾಡಿ.

ಐದನೆಯದು ಓದುಗರಾದ ನಿಮಗೆ. ಎಸ್‌ಡಿಎಂಸಿ ಸಭೆಗೆ ಹೋದಾಗ ಕಟ್ಟಡ, ಕಾಂಪೌಂಡ್ ಆದ ಮೇಲೆ ಇದನ್ನೂ ಕೇಳಿ. ಅದಕ್ಕೂ ಮೊದಲು ಇವತ್ತು ರಾತ್ರಿ ಊಟಕ್ಕೆ ಕೂತಾಗ ನಿಮ್ಮ ಮಕ್ಕಳಿಗೆ ಮೂರು ಪ್ರಶ್ನೆ ಹಾಕಿ. ಪೆನ್ನು, ಪುಸ್ತಕ, ತ್ರಿಕೋನ ಯಾವುದೂ ಬೇಡ.

ಶಾಲೆ 1 ಕಿಲೋಮೀಟರ್ ದೂರ, ನಡೆಯಲು 12 ನಿಮಿಷ. ಹೀಗೇ ನಡೆದರೆ ತಾಸಿಗೆ ಎಷ್ಟು ದೂರ ಹೋಗುತ್ತಿ? ತಾಸಿನಲ್ಲಿ 12 ನಿಮಿಷ ಐದು ಸಲ ಬರುತ್ತದೆ, ಉತ್ತರ 5 ಕಿಲೋಮೀಟರ್.

ಹೋಗುವಾಗ 24, ಬರುವಾಗ 72. ಸರಾಸರಿ ಯಾಕೆ 48 ಅಲ್ಲ? ಉತ್ತರ ಮೇಲಿದೆ, ಆದರೆ ಮಗುವಿನ ಬಾಯಿಂದ ಬರಲಿ.

ಮೂರನೆಯದನ್ನು ಬೈಕ್ ಇರುವ ಮನೆಯಲ್ಲಿ ತಪ್ಪದೆ ಕೇಳಿ. 54ರಲ್ಲಿ ಹೋಗುವಾಗ ಫೋನ್ ಬಂತು. ಯಾರದು ಅಂತ ನೋಡಲು 2 ಸೆಕೆಂಡು ತಲೆ ಬಗ್ಗಿಸಿದೆ. ಕಣ್ಣು ಮುಚ್ಚಿಕೊಂಡು ಎಷ್ಟು ದೂರ ಹೋದಂತಾಯಿತು?

30 ಮೀಟರ್. ನಿಮ್ಮ ಮನೆ ಬಾಗಿಲಿಂದ ಹೆಜ್ಜೆ ಹಾಕಿ ಅಳೆದು ತೋರಿಸಿ.